ಗ್ರೀಸಿಗೆ ಕಲಸಿದ ಕುಂಕುಮ

ಗಾಡಿ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, ಯಾವ ಕಂಪನಿಯಲ್ಲಿ ಬೇಗ ಮೇಲೆ ಹೋಗಬಹುದು ಎಂದು. ನನಗೆ ಗೊತ್ತಿಲ್ಲ. ನಾನು ಮೇಲೆ ಹೋದದ್ದು ಕಡಿಮೆ, ಗಾಡಿಯ ಕೆಳಗೆ ಮಲಗಿದ್ದೇ ಹೆಚ್ಚು. ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಶುರು ಮಾಡಿ, ಪಾಂಡವಪುರದ ಒಂದು ಸರ್ವಿಸ್ ಸೆಂಟರಿನಲ್ಲಿ ಸೂಪರ್‌ವೈಸರ್ ಆಗಿ ಮುಗಿಸಿದೆ. ನಮ್ಮ ಕೈಗೆ ಬರುತ್ತಿದ್ದುದು ಸಣ್ಣ ಸರಕು ಗಾಡಿಗಳು. ಹಾಲಿನ ಕ್ಯಾನು, ತೆಂಗಿನಕಾಯಿ, ಶಾಮಿಯಾನದ ಕಂಬ, ಏನು ಹಾಕಿದರೂ ಹೊರುವ ನಾಲ್ಕು ಚಕ್ರದ ಗಾಡಿಗಳು. ನನ್ನ ಹೆಸರು ಶಿವಲಿಂಗಾಚಾರಿ ಎಂದು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ಎಲ್ಲರ ಬಾಯಲ್ಲೂ ಆಚಾರ್ರು. ನಾನು ಸರಿಮಾಡಿದ ಗಾಡಿಗಳ ಕತೆ ಹೇಳುತ್ತ ಕೂತರೆ ಅದು ಬರೀ ಜಂಬವಾಗುತ್ತದೆ. ಅದಕ್ಕೇ ನಾನು ಮಾಡಿದ ಒಂದು ತಪ್ಪನ್ನು ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಶ್ರೀರಂಗಪಟ್ಟಣದ ಗ್ಯಾರೇಜಿನ ಮೇಸ್ತ್ರಿ ಖಾದರ್ ಸಾಬರು. ಸೇರಿದ ಹೊಸತರಲ್ಲಿ ಒಂದು ಲಾರಿಯ ಬ್ರೇಕ್ ನಟ್ಟನ್ನು ನೋಡಿ, "ಬಿಗಿಯಾಗಿದೆ ಸಾಬ್ರೇ" ಎಂದೆ. ಅವರು ಬಂದು ಆ ನಟ್ಟನ್ನು ಬರಿಗೈಯಲ್ಲಿ ತಿರುಗಿಸಿ ಬಿಚ್ಚಿ, ನನ್ನ ಅಂಗೈಯಲ್ಲಿಟ್ಟು, ಬೆನ್ನಿಗೆ ಒಂದು ಗುದ್ದು ಗುದ್ದಿದರು.

"ಕಣ್ಣಲ್ಲಿ ನೋಡಿದ್ರೆ ನಟ್ಟು ಬಿಗಿ ಆಗ್ತದೇನೋ? ಬೆರಳು ಹಾಕು, ಬೆರಳು!"

ಆ ಗುದ್ದನ್ನು ನಾನು ಮರೆತಿರಲಿಲ್ಲ. ಅವರು ಹೇಳಿದ್ದನ್ನು ಮಾತ್ರ ಕೆಲಸದ ಕೊನೆಗಾಲದಲ್ಲಿ ಮರೆತೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ನಮ್ಮದು ಕುಲುಮೆಯ ಮನೆ. ನಮ್ಮಪ್ಪ ನೇಗಿಲಿನ ಕುಳವನ್ನೋ ಕುಡುಗೋಲನ್ನೋ ತಟ್ಟಿ ರೈತನ ಕೈಗೆ ಕೊಡುವಾಗ ಅದಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟು ಕೊಡುತ್ತಿದ್ದರು. ನನ್ನ ಕೆಲಸ ನಾನು ಸರಿಯಾಗಿ ಮಾಡಿದ್ದೇನೆ ಎನ್ನುವುದಕ್ಕೆ ಅದು ಅವರ ಸಹಿ. ಆ ಅಭ್ಯಾಸ ನನಗೂ ಬಂತು. ಆಯುಧಪೂಜೆಯ ಹಿಂದಿನ ದಿನಗಳಲ್ಲಿ ಗಾಡಿಗಳು ವಾಟರ್ ವಾಶ್‌ಗೆ ಸಾಲುಗಟ್ಟಿ ನಿಲ್ಲುತ್ತವಲ್ಲ, ಆಗ ತೊಳೆದು ಮುಗಿಸಿದ ಗಾಡಿಯ ಪೆಡಲುಗಳ ಪಕ್ಕಕ್ಕೆ ಬಗ್ಗಿ, ಸ್ಟೇರಿಂಗ್ ಜಾಯಿಂಟಿನ ಬೋಲ್ಟಿನ ತಲೆಗೆ ಕುಂಕುಮ ಇಡುತ್ತಿದ್ದೆ. ಒಣ ಕುಂಕುಮ ಉದುರಿಹೋಗುತ್ತದೆ ಎಂದು ಗ್ರೀಸಿಗೆ ಕಲಸಿಕೊಳ್ಳುತ್ತಿದ್ದೆ. ಹಾಗೆ ಕಲಸಿದ್ದು ಮುಂದಿನ ಹಬ್ಬದವರೆಗೂ ಇರುತ್ತಿತ್ತು. ಆಚಾರ್ರ ಕುಂಕುಮ ಬಿದ್ದ ಗಾಡಿ ಎಂದು ಜನ ಹೇಳಿಕೊಳ್ಳುವುದು ಕಿವಿಗೆ ಬೀಳುತ್ತಿತ್ತು. ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ನಿವೃತ್ತನಾಗುವ ವರ್ಷ, ದೀಪಾವಳಿ ಕಳೆದ ಮೇಲೆ ಕಂಪನಿಯಿಂದ ಆ ಕಾಗದ ಬಂತು. ಒಂದು ಕಾಲದಲ್ಲಿ ಗಾಡಿಯ ದೋಷವನ್ನು ನಾವು ಕಂಡುಹಿಡಿಯಬೇಕಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಿದ್ದೆವು. ಈಗ ಕಂಪನಿಯೇ ಹೇಳುತ್ತದೆ: ನಾವು ಮಾಡಿದ ಇಂತಿಂಥ ಗಾಡಿಗಳಲ್ಲಿ ಇಂಥ ದೋಷವಿದೆ, ಕರೆಸಿ ಪುಕ್ಕಟೆ ಸರಿಮಾಡಿಕೊಡಿ ಎಂದು. ಇದಕ್ಕೆ ರೀಕಾಲ್ ಎನ್ನುತ್ತಾರೆ. ಈ ಸಲದ ದೋಷ ಸ್ಟೇರಿಂಗಿನಲ್ಲೇ ಇತ್ತು. ಸ್ಟೇರಿಂಗಿನ ಕಂಬಿಯನ್ನು ಕೆಳಗಿನ ಗೇರ್ ಡಬ್ಬಿಗೆ ಸೇರಿಸುವ ಜಾಯಿಂಟಿನ ಒಳಗೆ ಹಲ್ಲುಗಳಿರುತ್ತವೆ. ಕೆಲವು ಗಾಡಿಗಳಲ್ಲಿ ಆ ಹಲ್ಲು ಬೇಗ ಸವೆಯುತ್ತಿತ್ತು. ಪೂರ್ತಿ ಸವೆದ ದಿನ ಡ್ರೈವರು ಸ್ಟೇರಿಂಗ್ ತಿರುಗಿಸುತ್ತಾನೆ, ಚಕ್ರ ತಿರುಗುವುದಿಲ್ಲ. ನೇರ ರಸ್ತೆಯಲ್ಲಾದರೆ ಗದ್ದೆಗೆ ಇಳಿಯಬಹುದು. ಏರಿಯ ಮೇಲೋ ಬೆಟ್ಟದ ತಿರುವಿನಲ್ಲೋ ಆದರೆ ಏನಾಗುತ್ತದೆ ಎಂದು ಬರೆಯಬೇಕಾಗಿಲ್ಲ. ಹಳೆಯ ಜಾಯಿಂಟು ತೆಗೆದು ಹೊಸದು ಹಾಕಬೇಕು, ಹಾಕಿದ್ದಕ್ಕೆ ಗುರುತಾಗಿ ಬೋಲ್ಟಿನ ತಲೆಗೆ ಕೆಂಪು ಬಣ್ಣದ ಚುಕ್ಕೆ ಇಡಬೇಕು ಎಂದು ಕಾಗದದಲ್ಲಿತ್ತು.

ಕೆಂಪು ಎಂದು ಓದಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಮ್ಮ ಮ್ಯಾನೇಜರ್ ದಿವಾಕರ್ ಮೈಸೂರಿನವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕೆಟ್ಟವರಲ್ಲ. ಆದರೆ ಕಂಪ್ಯೂಟರಿನ ಪರದೆಯಲ್ಲಿ ಒಂದು ಸಾಲು ಹಸಿರಾಗದೆ ಉಳಿದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಗಾಡಿಗಳ ಮಾಲೀಕರಿಗೆಲ್ಲ ಫೋನು ಮಾಡುವ ಕೆಲಸವನ್ನು ಕೌಂಟರಿನ ಶೋಭಾಗೆ ಒಪ್ಪಿಸಿದರು. ಜನ ಹೆದರಬಾರದು ಎಂದು ಹೇಗೆ ಮಾತಾಡಬೇಕೆಂಬುದನ್ನೂ ಬರೆದುಕೊಟ್ಟರು. ಅವಳು ಅದನ್ನೇ ಓದಿದಳು: ಕಂಪನಿಯವರು ನಿಮ್ಮ ಗಾಡಿಯನ್ನು ವಾಪಸ್ ಕರೆಯುತ್ತಿದ್ದಾರೆ, ಚಿಕ್ಕದೊಂದು ತಪಾಸಣೆ ಇದೆ.

ಎರಡು ದಿನದಲ್ಲಿ ಸುದ್ದಿ ನಾಗಮಂಗಲದವರೆಗೂ ಹೋಯಿತು. ಕಂಪನಿಯವರು ಗಾಡಿ ವಾಪಸ್ ಕಿತ್ತುಕೊಳ್ಳುತ್ತಾರಂತೆ! ನಾನೂ ನಮ್ಮ ಮೆಕ್ಯಾನಿಕ್ ಇಮ್ತಿಯಾಜ್‌ನೂ ನಾಗಮಂಗಲದ ಹತ್ತಿರದ ಒಂದು ಹಳ್ಳಿಗೆ ಹೋದರೆ, ಮನೆಯಾಕೆ ಗಾಡಿಯೇ ಇಲ್ಲ ಎಂದಳು. ಕೊಟ್ಟಿಗೆಯ ಹುಲ್ಲಿನ ಮೆದೆಯೊಳಗಿಂದ ಹಿಂದಿನ ದೀಪ ಒಂದು ಇಣುಕುತ್ತಿತ್ತು.

"ಅದೇನಕ್ಕ ಕೆಂಪಗೆ?" ಎಂದ ಇಮ್ತಿಯಾಜ್.

"ಅದಾ? ಅದು ನಮ್ಮ ಗಾಡಿ ಅಲ್ಲ ಕಣಪ್ಪ, ಹುಲ್ಲು" ಎಂದಳು ಆಕೆ, ಒಂದಿಷ್ಟೂ ಅಳುಕದೆ.

ಅವತ್ತು ನಕ್ಕೆವು. ಆದರೆ ಫೋನು ಮಾಡಿದರೆ ಯಾರೂ ಬರುವುದಿಲ್ಲ ಎಂದು ಖಾತ್ರಿಯಾಯಿತು. ಗಾಡಿಗಳು ಸೇರುವ ಕಡೆಗೆ ನಾವೇ ಹೋಗತೊಡಗಿದೆವು. ಮಾಕವಳ್ಳಿಯಲ್ಲಿ ಕಬ್ಬಿನ ಗಾಡಿಗಳು ನಿಲ್ಲುವ ಕಡೆ ಒಂದು ಕ್ಯಾಂಪು, ಕೆ.ಆರ್. ಪೇಟೆಯಲ್ಲಿ ಎರಡು, ಸಿಂಧಘಟ್ಟದಲ್ಲಿ ಹಾಲಿನ ಡೇರಿಯ ಮುಂದೆ ಒಂದು. ಸಿಂಧಘಟ್ಟದಲ್ಲಿ ಅವತ್ತು ನೂಕುನುಗ್ಗಲು. ಹಾಲು ಕೆಡುತ್ತದೆ ಬೇಗ ಬಿಡಿ ಎಂದು ಡ್ರೈವರುಗಳ ಕೂಗಾಟ. ಕೆಲವು ಗಾಡಿಗಳಿಗೆ ಕೆ.ಆರ್. ಪೇಟೆಯಲ್ಲೇ ಹೊಸ ಜಾಯಿಂಟು ಹಾಕಿಯಾಗಿತ್ತು, ಲೆಕ್ಕ ಮಾತ್ರ ಕಂಪ್ಯೂಟರಿಗೆ ಏರಿರಲಿಲ್ಲ. ಅದಕ್ಕೆ ನಾನೇ ಇಮ್ತಿಯಾಜ್‌ಗೆ ಹೇಳಿದೆ:

"ಟಾರ್ಚು ಬಿಟ್ಟು ನೋಡು. ಬೋಲ್ಟಿನ ಮೇಲೆ ಕೆಂಪಿದ್ದರೆ ಆಗಿದೆ ಅಂತ ಬರ್ಕೊಂಡು ಕಳಿಸ್ತಾ ಇರು."

ಅವನು ಹಾಗೇ ಮಾಡಿದ. ಹದಿನೈದು ದಿನದಲ್ಲಿ ಪರದೆ ಪೂರ್ತಿ ಹಸಿರಾಯಿತು. ದಿವಾಕರ್ ಎಲ್ಲರಿಗೂ ಮೈಸೂರ್‌ಪಾಕು ಹಂಚಿದರು. ನಾನೂ ತಿಂದೆ.

ಮದುವೆಗಳು ಜೋರಾಗಿ ನಡೆಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ, ಅಂಗಡಿ ತೆರೆದು ಗಂಟೆಯೂ ಆಗಿರಲಿಲ್ಲ, ಬ್ರೇಕ್ ಕೆಲಸಕ್ಕೆ ಒಂದು ಗಾಡಿ ಬಂತು. ಸಿಂಧಘಟ್ಟದ ಕ್ಯಾಂಪಿನಲ್ಲಿ ಆಗಿದೆ ಎಂದು ಬರೆದುಕೊಂಡಿದ್ದ ಗಾಡಿಯೇ. ಪೆಡಲಿನ ಹತ್ತಿರ ಚಿಂದಿಬಟ್ಟೆಯಿಂದ ಒರೆಸುತ್ತಿದ್ದ ಇಮ್ತಿಯಾಜ್ ತಟ್ಟನೆ ಎದ್ದ. ಬಟ್ಟೆಯನ್ನು ತಂದು ನನ್ನ ಮುಂದೆ ಹಿಡಿದ. ಅದರ ತುಂಬ ಕೆಂಪು.

"ಆಚಾರ್ರೇ, ಆರಿದ ಪೇಂಟು ಬಟ್ಟೆಗೆ ಅಂಟ್ಕೊಳ್ಳಲ್ಲ. ಇದು ನಿಮ್ ಕುಂಕುಮ."

ಬೋಲ್ಟು ಬಿಚ್ಚಿ ನೋಡಿದರೆ ಹಳೆಯ ಜಾಯಿಂಟೇ. ಕ್ಯಾಂಪಿನ ಪುಸ್ತಕ ತೆಗೆದೆ. ಕೆ.ಆರ್. ಪೇಟೆಯ ಲೆಕ್ಕದಲ್ಲೂ ಇಲ್ಲದೆ, ಬರೀ ಕೆಂಪು ನೋಡಿ ಕಳಿಸಿದ ಗಾಡಿಗಳು ಇದೂ ಸೇರಿ ಐದು. ಇನ್ನು ನಾಲ್ಕು ರಸ್ತೆಯ ಮೇಲಿದ್ದವು. ನಾನೇ ನೋಡಿಸಿ ಕಳಿಸಿದ್ದೆ ಎಂಬ ಧೈರ್ಯದಲ್ಲಿ ಯಾರೋ ಅವನ್ನು ಓಡಿಸುತ್ತಿದ್ದರು.

ದಿವಾಕರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ.

"ಆಚಾರ್ರೇ, ಆಗಿದೆ ಅಂತ ಕಂಪನಿಗೆ ಕಳಿಸಿ ತಿಂಗಳಾಯ್ತು. ಈಗ ಇಲ್ಲ ಅಂದ್ರೆ ನಿಮ್ಮನ್ನೂ ಬಿಡಲ್ಲ, ನನ್ನನ್ನೂ ಬಿಡಲ್ಲ. ಒಂದು ಕೆಲಸ ಮಾಡೋಣ. ಫ್ರೀ ವಾಟರ್ ವಾಶ್ ಇದೆ ಅಂತ ಕರೆಸಿ ಸದ್ದಿಲ್ಲದೆ ಹಾಕಿಬಿಡೋಣ."

ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ, ನನ್ನ ಮೇಲೆ. ಆದರೆ ಕೂಗಾಡಿದ್ದು ಅವರ ಮೇಲೆ.

"ವಾಟರ್ ವಾಶ್ ಅಂದ್ರೆ ಪುರಸೊತ್ತಾದಾಗ ಬರ್ತಾರೆ ಸಾರ್! ಸ್ಟೇರಿಂಗ್ ಕೈಗೆ ಬರುತ್ತೆ ಅಂದ್ರೆ ಎಲ್ಲಿದ್ದಾರೋ ಅಲ್ಲೇ ನಿಲ್ಲಿಸ್ತಾರೆ. ನಂದೇ ತಪ್ಪು ಅಂತ ಬರೆದುಕೊಡ್ತೀನಿ. ಈಗ ಫೋನು ಮಾಡಿಸಿ."

ದಿವಾಕರ್ ಹಸಿರು ಪರದೆಯನ್ನೊಮ್ಮೆ ನೋಡಿದರು. ಆಮೇಲೆ ಎದ್ದು, "ಶೋಭಾ, ನಾನು ಬರೆದುಕೊಟ್ಟಿದ್ದು ಓದಬೇಡಮ್ಮ. ಆಚಾರ್ರು ಹೇಳಿದ ಹಾಗೆ ಹೇಳು" ಎಂದರು. ಆ ಒಂದು ಮಾತಿಗೆ ಅವರ ಮೇಲಿದ್ದ ನನ್ನ ಎಷ್ಟೋ ವರ್ಷದ ಅಸಮಾಧಾನ ಇಳಿದುಹೋಯಿತು.

ಮೂರು ಗಾಡಿ ಬೇಗ ಸಿಕ್ಕವು. ಒಂದು ಮನೆಯಲ್ಲೇ ನಿಂತಿತ್ತು. ಒಂದನ್ನು ಕೆ.ಆರ್. ಪೇಟೆಯ ಸಂತೆಯಲ್ಲಿ ನಿಲ್ಲಿಸಿದರು. ಇನ್ನೊಬ್ಬ ಕಿಕ್ಕೇರಿಯ ಹತ್ತಿರ ರಸ್ತೆ ಬದಿಗೆ ಹಾಕಿ, ಅಲ್ಲೇ ಕೂತಿರುತ್ತೇನೆ ಎಂದ. ಉಳಿದದ್ದು ಒಂದು. ಪಟ್ಟಿಯಲ್ಲಿ ಅದು ಪಾಲಹಳ್ಳಿಯ ಜವರೇಗೌಡರ ಹೆಸರಿನಲ್ಲಿತ್ತು. ಶೋಭಾ ಫೋನಿನ ಸ್ಪೀಕರು ಹಾಕಿದಳು.

"ಅಯ್ಯೋ, ಅದ ನಮ್ಮ ಬಾಮೈದುಂಗೆ ಕೊಟ್ಬುಟ್ಟೆ ಕಣವ್ವ, ಸಿಂಧಘಟ್ಟದ ನಿಂಗರಾಜುಗೆ. ಹಬ್ಬದಲ್ಲಿ ನಿಮ್ಮ ತಾವೇ ತೊಳ್ಸಿದ್ದು. ಇನ್ನೂ ಹೆಸ್ರು ಬದಲಾಯಿಸಿಲ್ಲ."

ನಮ್ಮ ಕಡೆ ಗಾಡಿ ಕೈ ಬದಲಾಗುವುದೇ ಹೀಗೆ. ಭಾವ ಬಾಮೈದನಿಗೆ ಕೊಡುತ್ತಾನೆ, ಕಾಗದ ಹಳೆಯವನ ಹೆಸರಿನಲ್ಲೇ ಇರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಕ್ಯಾಂಪಿನಲ್ಲಿ ಎದುರಿಗೆ ನಿಂತಿದ್ದ ಮನುಷ್ಯನ ಹೆಸರು ಕೇಳದೆ ಪಟ್ಟಿಯಲ್ಲಿದ್ದ ಹೆಸರಿಗೆ ಗೀಟು ಹಾಕಿದ್ದೆವು.

ಜವರೇಗೌಡರು ಕೊಟ್ಟ ನಂಬರಿಗೆ ನಾನೇ ಮಾಡಿದರೆ ಎತ್ತಿದ್ದು ನಿಂಗರಾಜುವಿನ ಹೆಂಡತಿ.

"ಅವ್ರು ಫೋನ ಚಾರ್ಜಿಗೆ ಆಕ್ಬುಟ್ಟು ಇಲ್ಲೇ ಮರ್ತೋಗವ್ರೆ ಕಣಣ್ಣ. ಬೀಗರೂಟಕ್ಕೆ ಒಂಟೋದ್ರು. ಗಾಡೀಗೆ ನೀಲಿ ಟಾರ್ಪಾಲು ಕಟ್ಕಂಡು ನೆಂಟ್ರು ಕೂತವ್ರೆ, ಅದ್ನೇಳು ಅದ್ನೆಂಟು ಜನ."

"ಎಲ್ಲಿಗವ್ವ ಬೀಗರೂಟ?"

"ಪಾಂಡವಪುರದ ಕಡೀಕೆ. ಮೇಲುಕೋಟೆ ಮ್ಯಾಲೆ ಓಯ್ತಾರೆ. ಈಗ್ತಾನೆ ಒಂಟ್ರು, ಕಾಲು ಗಂಟೆ ಆಗಿರ್ಬೋದು. ಯಾಕಣ್ಣ?"

ವಿಷಯ ಹೇಳಿದೆ; ಗಾಡಿಯಲ್ಲಿದ್ದ ಬೇರೆ ಯಾರ ನಂಬರೂ ಆಕೆಗೆ ಗೊತ್ತಿರಲಿಲ್ಲ. ಸರಕು ಗಾಡಿಯಲ್ಲಿ ಜನರನ್ನು ಹಾಕಬಾರದೆಂದು ಹೇಳಿ ಹೇಳಿ ನಮ್ಮ ಬಾಯಿ ಸೋತಿದೆ. ಮದುವೆಯಾದ ಮೇಲೆ ಬೀಗರ ಮನೆಯಲ್ಲಿ ಬಾಡೂಟ ಎಂದರೆ ಯಾರು ಕೇಳುತ್ತಾರೆ? ಸಿಂಧಘಟ್ಟದಿಂದ ಮೇಲುಕೋಟೆಯವರೆಗೆ ಹೇಗೋ ಆಗುತ್ತದೆ. ಅಲ್ಲಿಂದ ಜಕ್ಕನಹಳ್ಳಿಗೆ ಇಳಿಯುವ ಬೆಟ್ಟದ ತಿರುವುಗಳು ನನ್ನ ಕಣ್ಣ ಮುಂದೆ ಬಂದವು. ತುಂಬಿದ ಗಾಡಿ, ಇಳಿಜಾರು, ಒಂದೊಂದು ತಿರುವಿನಲ್ಲೂ ಆ ಸವೆದ ಹಲ್ಲುಗಳ ಮೇಲೆ ಬೀಳುವ ಭಾರ. ನಾವು ಪಾಂಡವಪುರದಿಂದ ಎಷ್ಟು ಜೋರಾಗಿ ಹೋದರೂ ಅಷ್ಟು ಹೊತ್ತಿಗೆ ಅವರು ಇಳಿಯಲು ಶುರುಮಾಡಿರುತ್ತಿದ್ದರು.

"ಬೆಟ್ಟದ ಮೇಲೆ ಪಂಕ್ಚರ್ ಅಂಗಡಿ ಸ್ವಾಮಿ ಇದ್ದಾನೆ, ನನ್ ದೋಸ್ತ್" ಎಂದು ಇಮ್ತಿಯಾಜ್ ಆಗಲೇ ಫೋನು ಒತ್ತುತ್ತಿದ್ದ. "ಲೇ ಸ್ವಾಮಿ, ಒಂದು ಗಾಡಿ ಬರ್ತದೆ, ನೀಲಿ ಟಾರ್ಪಾಲು, ನಂಬರು ಬರ್ಕೋ. ಅದು ಕೆಳಗೆ ಇಳೀಬಾರ್ದು. ಏನಾದ್ರೂ ಮಾಡು, ನಿಲ್ಸು!"

ಅಂಗಡಿಯಲ್ಲಿದ್ದ ಎರಡು ಹೊಸ ಜಾಯಿಂಟುಗಳಲ್ಲಿ ಒಂದನ್ನು ಎತ್ತಿಕೊಂಡು ನಾವಿಬ್ಬರೂ ಹೊರಟೆವು. ಇಮ್ತಿಯಾಜ್ ಓಡಿಸುತ್ತಿದ್ದ. ನಾನು ಫೋನು ಹಿಡಿದು ಕೂತಿದ್ದೆ. ಐದು ನಿಮಿಷ, ಹತ್ತು ನಿಮಿಷ, ಸ್ವಾಮಿಯಿಂದ ಸದ್ದಿಲ್ಲ. ಎದುರಿಗೆ ಬರುವ ಪ್ರತಿ ಗಾಡಿಯ ಟಾರ್ಪಾಲಿನ ಬಣ್ಣ ನೋಡುತ್ತಿದ್ದೆ. ಆಂಬುಲೆನ್ಸ್ ಒಂದು ಹಿಂದಿನಿಂದ ಕೂಗುತ್ತ ಬಂದು ನಮ್ಮನ್ನು ದಾಟಿ ಜಕ್ಕನಹಳ್ಳಿಯ ಕಡೆಗೇ ಹೋಯಿತು. ಇಮ್ತಿಯಾಜ್ "ಯಾ ಅಲ್ಲಾ" ಎಂದ. ನಾನು ಮನೆದೇವರ ಹೆಸರು ಹೇಳಿಕೊಂಡೆ. ಮುಂದಿನ ಕೂಡುರಸ್ತೆಯಲ್ಲಿ ಆಂಬುಲೆನ್ಸು ಯಾವುದೋ ಹಳ್ಳಿಯ ದಾರಿಗೆ ತಿರುಗಿಕೊಂಡಿತು. ಯಾರಿಗೋ ಏನೋ ಆಗಿತ್ತು. ನಮ್ಮವರಲ್ಲ ಎಂದು ಸಮಾಧಾನವಾಯಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಫೋನು ಬಂತು. ಸ್ವಾಮಿ ತನ್ನ ಅಂಗಡಿಯ ಹಳೆ ಟೈರುಗಳನ್ನೆಲ್ಲ ರಸ್ತೆಗೆ ಉರುಳಿಸಿ ಅಡ್ಡ ಹಾಕಿದ್ದ. ಗಾಡಿ ನಿಂತಿತ್ತು. ಜಗಳ ಫೋನಿನಲ್ಲೇ ಕೇಳುತ್ತಿತ್ತು.

"ಏನ್ಲಾ, ರೋಡು ನಿಮ್ಮಪ್ಪಂದಾ? ತಗೀಲಾ ಟೈರ!"

"ನಂಗೇನ್ ಗೊತ್ತಣ್ಣ, ಆಚಾರ್ರಂತೆ, ನೀನೇ ಮಾತಾಡು" ಎಂದು ಸ್ವಾಮಿ ಫೋನನ್ನು ಅವನ ಕೈಗೆ ಕೊಟ್ಟ.

ನಿಂಗರಾಜುವಿನ ದನಿ ಕೂಡಲೇ ಮೆತ್ತಗಾಯಿತು. "ಓ, ಆಚಾರ್ರಾ? ಏನ್ ಸಮಾಚಾರ? ಊಟಕ್ಕೆ ಒತ್ತಾಯ್ತಾದೆ ಕಣ್ರೀ."

"ನಿಂಗರಾಜು, ಗಾಡಿ ಇಳಿಸಬೇಡಪ್ಪ. ಸ್ಟೇರಿಂಗ್ ಜಾಯಿಂಟು ಸವೆದಿದೆ. ನಾನು ಹೊಸದು ತರ್ತಾ ಇದ್ದೀನಿ."

"ಎಲ್ಲಾರ ಉಂಟಾ? ಅವತ್ತು ಡೇರಿ ತಾವ ನೀವೇ ಟಾರ್ಚು ಬುಟ್ಟು ನೋಡ್ಸಿ, ಆಗ್ಯದೆ, ಒಂಟೋಗು ಅಂದ್ರಿ. ಗಾಡಿ ಕೊಡೋವಾಗ ನಮ್ಮ ಭಾವ್ನೂ ಏಳವ್ರೆ, ಆಚಾರ್ರು ಕುಂಕುಮ ಇಕ್ಕವ್ರೆ, ಯೋಚ್ನೆ ಮಾಡ್ಬ್ಯಾಡ ಅಂತ. ಇಂಗೇ ಮೆಲ್ಲಗೆ ಇಳ್ಸ್ಕಂಡು ನಿಮ್ಮ ಅಂಗ್ಡಿಗೇ ಬತ್ತೀನಿ ಬುಡಿ."

ಅವನು ನನ್ನ ಮಾತನ್ನು ನಂಬದಿರುವುದಕ್ಕೆ ಕಾರಣ ನನ್ನ ಕುಂಕುಮವೇ. ಇಷ್ಟು ವರ್ಷ ಅದರ ಹೆಸರಿನಲ್ಲಿ ಸಂಪಾದಿಸಿದ್ದ ಮರ್ಯಾದೆ ಅವತ್ತು ಹದಿನೆಂಟು ಜನರನ್ನು ಬೆಟ್ಟದಿಂದ ಇಳಿಸಲು ಹೊರಟಿತ್ತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ನಿಂಗರಾಜು, ಸ್ಪೀಕರು ಹಾಕು. ಎಲ್ಲರಿಗೂ ಕೇಳಿಸಲಿ" ಎಂದೆ. "ಅದು ಬಣ್ಣದ ಗುರುತು ಅಂದ್ಕೊಂಡು ನಾವು ಬೋಲ್ಟು ಬಿಚ್ಚಲೇ ಇಲ್ಲ. ಅದು ನಾನೇ ಹಬ್ಬಕ್ಕೆ ಇಟ್ಟ ಕುಂಕುಮ. ಒಳಗೆ ಹಳೇ ಜಾಯಿಂಟೇ ಇದೆ. ನನ್ನಿಂದ ತಪ್ಪಾಗಿದೆ. ನಿಮ್ಮ ಕಾಲು ಹಿಡ್ಕೊಂಡು ಕೇಳ್ತೀನಿ, ಗಾಡಿಯಿಂದ ಇಳೀರಿ."

ಫೋನಿನಲ್ಲಿ ಗಾಳಿಯ ಸದ್ದಿನ ನಡುವೆ ಒಬ್ಬ ಮುದುಕಿಯ ದನಿ ಕೇಳಿಸಿತು. ನಿಂಗರಾಜುವಿನ ದೊಡ್ಡವ್ವ ಕೆಂಪಮ್ಮ ಎಂದು ಆಮೇಲೆ ಗೊತ್ತಾಯಿತು.

"ಲೇ ನಿಂಗ, ಅಷ್ಟು ದೊಡ್ಡ ಮನ್ಸ ತಪ್ಪಾಯ್ತು ಅಂತಾವ್ನೆ, ಇನ್ನೇನ್ಲಾ ಕೇಳೀಯೆ? ಇಳೀರಿ ಎಲ್ಲ! ಊಟ ಎಲ್ಗೂ ಓಡೋಗಕ್ಕಿಲ್ಲ."

ನಾವು ಬೆಟ್ಟ ಹತ್ತಿದಾಗ ನೆಂಟರೆಲ್ಲ ರಸ್ತೆ ಬದಿಯ ಮರದ ನೆರಳಿನಲ್ಲಿ ಸಾಲಾಗಿ ಕೂತಿದ್ದರು. ಹೊಸ ಸೀರೆಯ ಹೆಂಗಸರು, ತೊಡೆಯ ಮೇಲೆ ಮಕ್ಕಳು, ಒಬ್ಬಾಕೆಯ ಮಡಿಲಲ್ಲಿ ವೀಳ್ಯದೆಲೆಯ ಕಟ್ಟು. ನಾನು ಯಾರ ಮುಖವನ್ನೂ ನೋಡದೆ ನೇರ ಗಾಡಿಯ ಹತ್ತಿರ ಹೋದೆ. ಇಮ್ತಿಯಾಜ್ ಬೋಲ್ಟು ಸಡಿಲಿಸಿದ. ಮಾಮೂಲಾಗಿ ಆ ಜಾಯಿಂಟನ್ನು ಸುತ್ತಿಗೆಯಿಂದ ತಟ್ಟಿ ತೆಗೆಯಬೇಕು. ಇದು ಎರಡು ಬೆರಳಿಗೇ ಕಳಚಿಕೊಂಡು ಬಂತು. ನಿಂಗರಾಜು ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಒಳಗೆ ಬೆರಳು ಹಾಕಿ ಸವರಿ ನೋಡಿದ. ಹಲ್ಲಿರಬೇಕಾದ ಕಡೆ ನುಣ್ಣಗಿತ್ತು. ರಸ್ತೆ ಇಳಿಯುವ ಕಡೆ ಒಂದು ಸಲ ನೋಡಿದ, ಮಕ್ಕಳ ಕಡೆ ನೋಡಿದ, ಅಲ್ಲೇ ಟೈರಿನ ಮೇಲೆ ಕೂತುಬಿಟ್ಟ.

ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಒಬ್ಬಾಕೆ ನನಗೆ ನೀರಿನ ಬಾಟಲು ತಂದುಕೊಟ್ಟಳು.

ಹೊಸ ಜಾಯಿಂಟು ಕೂರಿಸಿದೆವು. ಬೋಲ್ಟನ್ನು ಇಮ್ತಿಯಾಜ್ ಬಿಗಿಮಾಡಿದ, ನಾನು ಬಿಗಿಮಾಡಿದೆ, ನಿಂಗರಾಜುವಿನ ಕೈಗೂ ಸ್ಪ್ಯಾನರ್ ಕೊಟ್ಟು ಒಂದು ಸಲ ಎಳೆಸಿದೆ. ಕೆಂಪು ಬಣ್ಣದ ಚುಕ್ಕೆ ಇಟ್ಟು, ಪೂರ್ತಿ ಆರುವವರೆಗೂ ಕಾದು ನಿಂತೆವು. ಆಗ ಕೆಂಪಮ್ಮ ಕೋಲೂರಿಕೊಂಡು ಎದ್ದು ಬಂದರು. ಹಣೆಯಲ್ಲಿ ದೊಡ್ಡ ಕುಂಕುಮ. ಗಾಡಿಯ ಬಾಗಿಲು ಹಿಡಿದುಕೊಂಡು ಕಷ್ಟಪಟ್ಟು ಒಳಗೆ ಬಗ್ಗಿದರು.

"ಇದೇನಪ್ಪ ಆಚಾರಿ, ಕುಂಕುಮವೋ ಬಣ್ಣವೋ?"

"ಬಣ್ಣ ಕಣವ್ವ."

ಅವರು ನನ್ನ ಮಾತನ್ನು ಅಷ್ಟಕ್ಕೇ ನಂಬಲಿಲ್ಲ. ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ, ಆ ಚುಕ್ಕೆಯ ಮೇಲಿಟ್ಟು ಗಸಗಸ ಉಜ್ಜಿದರು. ಬೆರಳನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದು, ಈ ಕಡೆ ಆ ಕಡೆ ತಿರುಗಿಸಿ ನೋಡಿದರು. ಬೆರಳಿಗೆ ಏನೂ ಹತ್ತಿರಲಿಲ್ಲ. ಆಮೇಲೆ ಮರದ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಗಾಡಿ ಅತ್ರಿ ಎಲ್ಲ, ಓಗವ."